ಉಳಿದ ಕಾಲಿನ ಕಡೆ ನೋಡಿ



ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರು ಆಸ್ಪತ್ರೆಯಿಂದ ಬಂದ ಮೊದಲ ವಾರ ಆ ಮನೆಯ ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ: ತಪ್ಪು ಯಾರದು? ಹೆಂಡತಿ ಊಟದಲ್ಲಿ ಕಟ್ಟುನಿಟ್ಟು ಮಾಡಲಿಲ್ಲ ಅಂತ ನಾದಿನಿ, ಮಗ ಬೆಂಗಳೂರಿನಲ್ಲಿ ಕೂತು ತಿರುಗಿ ನೋಡಲಿಲ್ಲ ಅಂತ ಮಗಳು, ಅವರೇ ಮಾತ್ರೆ ಬಿಟ್ಟು ಯಾರೋ ಹೇಳಿದ ಕಷಾಯ ಕುಡಿದರು ಅಂತ ಹೆಂಡತಿ. ಕಾಲು ಕಳೆದುಕೊಂಡವರು ಪಕ್ಕದ ಕೋಣೆಯಲ್ಲಿ ಮಲಗಿ ಅದನ್ನೆಲ್ಲ ಕೇಳಿಸಿಕೊಳ್ಳುತ್ತಾ ಇರುತ್ತಾರೆ.

ದೆಹಲಿಯ ದ್ವಾರಕಾದಲ್ಲಿ ನಮ್ಮ ಕನ್ನಡಿಗರ ಮನೆಗಳು ಸೆಕ್ಟರಿಗೆ ಒಂದೆರಡು ಅನ್ನುವ ಹಾಗೆ ಹರಡಿಕೊಂಡಿವೆ. ರಾಮಕೃಷ್ಣಪುರಂ, ಸರೋಜಿನಿನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸರ್ವೀಸು ಮುಗಿಸಿ, ಸೊಸೈಟಿಯಲ್ಲಿ ಫ್ಲಾಟು ಮಾಡಿಕೊಂಡು ಇಲ್ಲಿಗೆ ಬಂದವರು ನಾವು ಎಷ್ಟೋ ಜನ. ನಮ್ಮ ವಯಸ್ಸಿನ ಇಬ್ಬರು ಸಂಜೆ ಪಾರ್ಕಿನಲ್ಲಿ ಸಿಕ್ಕರೆ ಶುಗರ್ ಎಷ್ಟಿದೆ ಅನ್ನುವುದೇ ಮೊದಲ ಮಾತು. ನಮ್ಮನೆಯವರ ಎಡಗಾಲು ಮೊಣಕಾಲಿನ ಕೆಳಗೆ ಹೋದ ಮೇಲೆ, ಇಂಥ ಕಷ್ಟ ಬಂದ ಮನೆಯವರು ನನಗೆ ಫೋನ್ ಮಾಡುವುದು ವಾಡಿಕೆಯಾಗಿದೆ. ಹೋಗುತ್ತೇನೆ, ಕೂತು ಮಾತಾಡುತ್ತೇನೆ. ಎಲ್ಲ ಮನೆಯಲ್ಲೂ ನಾನು ಮೊದಲು ಹೇಳುವುದು ಇದನ್ನೇ: ಹೋದ ಕಾಲಿನ ಪಂಚಾಯ್ತಿ ಸಾಕು, ಉಳಿದ ಕಾಲಿನ ಸಾಕ್ಸ್ ಬಿಚ್ಚಿ ನೋಡಿ.

ಮಾತು ಒರಟಾಗಿ ಕೇಳಬಹುದು. ಆದರೆ ಒಂದು ಕಾಲನ್ನು ತಿಂದ ಕಾಯಿಲೆ ಇನ್ನೊಂದು ಕಾಲಿನಲ್ಲೂ ಅಷ್ಟೇ ವರ್ಷಗಳಿಂದ ಇದೆ. ಅದೇ ನರ, ಅದೇ ರಕ್ತನಾಳ. ಇವತ್ತಿನಿಂದ ಇಡೀ ದೇಹದ ಭಾರ ಆ ಒಂದೇ ಪಾದದ ಮೇಲೆ ಬೀಳುತ್ತದೆ. ಎದ್ದು ನಿಲ್ಲುವುದಕ್ಕೆ, ಮಂಚದಿಂದ ಕುರ್ಚಿಗೆ ದಾಟುವುದಕ್ಕೆ, ವಾಕರ್ ಹಿಡಿದು ಕುಪ್ಪಳಿಸುವುದಕ್ಕೆ, ಎಲ್ಲಕ್ಕೂ ಅದೇ. ಮನೆಯವರೆಲ್ಲ ಬ್ಯಾಂಡೇಜು ಸುತ್ತಿದ ಕಡೆಗೇ ಕಣ್ಣು ನೆಟ್ಟು ಕೂತಿರುವಾಗ ಈ ಪಾದದ ಹಿಮ್ಮಡಿ ಹಾಸಿಗೆಗೆ ಉಜ್ಜಿ ಉಜ್ಜಿ ಕಪ್ಪಗಾಗುತ್ತಿರುತ್ತದೆ. ಯಾರೂ ನೋಡಿರುವುದಿಲ್ಲ.

ಈ ಕಾಯಿಲೆ ಕಾಲನ್ನು ಹೇಗೆ ಒಯ್ಯುತ್ತದೆ ಅನ್ನುವುದು ತಿಳಿದರೆ ತಪ್ಪು ಹುಡುಕುವ ಚಪಲ ತಾನಾಗಿ ಕಡಿಮೆಯಾಗುತ್ತದೆ, ಅದಕ್ಕೇ ಹೇಳುತ್ತೇನೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರಗಳು ಕೆಡುತ್ತವೆ. ಶುರುವಿನಲ್ಲಿ ಜೋಮು, ರಾತ್ರಿ ಹೊತ್ತು ಉರಿ, ಸೂಜಿ ಚುಚ್ಚಿದ ಹಾಗೆ. ಆಮೇಲೆ ಒಂದು ದಿನ ಉರಿ ನಿಂತುಹೋಗುತ್ತದೆ. ಮನೆಯಲ್ಲಿ ಎಲ್ಲರೂ ಕಡಿಮೆಯಾಯಿತು ಅಂದುಕೊಳ್ಳುತ್ತಾರೆ. ನಿಜದಲ್ಲಿ ಆಗಿರುವುದು, ಪಾದಕ್ಕೆ ನೋವು ತಿಳಿಯುವ ಶಕ್ತಿಯೇ ಹೋಗಿರುವುದು. ಚಪ್ಪಲಿಯೊಳಗೆ ಸೇರಿದ ಕಲ್ಲು, ಹೊಸ ಶೂ ಎಬ್ಬಿಸಿದ ಬೊಬ್ಬೆ, ಉಗುರು ತೆಗೆಯುವಾಗ ಆದ ಗಾಯ, ಯಾವುದೂ ಗೊತ್ತಾಗುವುದಿಲ್ಲ. ಅದರ ಮೇಲೇ ನಡೆಯುತ್ತಾರೆ. ಇನ್ನೊಂದು ಕಡೆ ಕಾಲಿನ ರಕ್ತನಾಳಗಳು ಕಟ್ಟಿಕೊಂಡು ಗಾಯಕ್ಕೆ ರಕ್ತವೂ ಸರಿಯಾಗಿ ಬರುವುದಿಲ್ಲ, ಬೀಡಿ ಸಿಗರೇಟಿನ ಅಭ್ಯಾಸವಿದ್ದರಂತೂ ಇನ್ನೂ ಬೇಗ. ಕೀವು ಒಳಗೊಳಗೇ ಮೂಳೆಯವರೆಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಳ್ಳುವವರಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಇದು ಶುರುವಾಗುವುದು ಪಾದದ ಒಂದು ಹುಣ್ಣಿನಿಂದ. ದೀಪಾವಳಿಗೆ ತಿಂದ ಎರಡು ಲಾಡುವಿನಿಂದ ಯಾರ ಕಾಲೂ ಹೋಗಿಲ್ಲ.

ನೋವು ಇಲ್ಲದಿರುವುದೇ ದೊಡ್ಡ ಅಪಾಯ ಅಂತ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ದಕ್ಷಿಣದಲ್ಲೇ ಕೆಲಸ ಮಾಡಿದ ಡಾಕ್ಟರು, ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ಕುಷ್ಠರೋಗಿಗಳ ಬೆರಳನ್ನು ರೋಗವೇ ತಿನ್ನುತ್ತದೆ ಅಂತ ಆಗಿನವರು ನಂಬಿದ್ದರು. ನೋವಿನ ಅರಿವಿಲ್ಲದೆ ಅವರು ದಿನದಿನವೂ ಮಾಡಿಕೊಳ್ಳುವ ಸಣ್ಣ ಸಣ್ಣ ಗಾಯಗಳಿಂದಲೇ ಬೆರಳು ಹೋಗುತ್ತದೆ ಅಂತ ಬ್ರ್ಯಾಂಡ್ ಕಂಡುಕೊಂಡರು. ಆಮೇಲೆ ಅಮೆರಿಕದ ಲೂಸಿಯಾನಾದ ಕಾರ್‌ವಿಲ್‌ಗೆ ಹೋದ ಮೇಲೆ ಅದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ತಂದರು. ಇವತ್ತು ಡಾಕ್ಟರು ಎಂಸಿಆರ್ ಚಪ್ಪಲಿ ಅಂತ ಬರೆದುಕೊಡುತ್ತಾರಲ್ಲ, ಆ ಮೆತ್ತನೆ ರಬ್ಬರಿನ ಚಪ್ಪಲಿಯ ಹಿಂದೆ ವೆಲ್ಲೂರಿನ ಆ ಕೆಲಸ ಇದೆ. ನೋಡುವುದಕ್ಕೆ ಚೆಂದ ಇಲ್ಲ ಅಂತ ಅದನ್ನು ಕಪಾಟಿನ ಮೇಲೆ ಇಡಬೇಡಿ.

ಇನ್ನು ದಿನಾ ಪಾದ ನೋಡುವ ವಿಚಾರ. ಸಕ್ಕರೆ ಕಾಯಿಲೆ ಕಣ್ಣನ್ನೂ ಬಿಡುವುದಿಲ್ಲ. ಬಗ್ಗುವುದಕ್ಕೂ ಆಗದವರು ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರರು. ಹಾಗಾಗಿ ಮನೆಯಲ್ಲಿ ಒಬ್ಬರು ನೋಡಬೇಕು, ದಿನಾ, ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ. ಅಂಗಾಲು, ಹಿಮ್ಮಡಿ, ಬೆರಳ ಸಂದಿ. ಕೆಂಪಾಗಿದೆಯಾ, ಮುಟ್ಟಿದರೆ ಬಿಸಿ ಇದೆಯಾ, ಊದಿದೆಯಾ, ಸಂದಿಯಲ್ಲಿ ಒದ್ದೆ ನಿಂತು ಬೆಳ್ಳಗಾಗಿದೆಯಾ, ಉಗುರಿನ ಮೂಲೆ ಮಾಂಸಕ್ಕೆ ಚುಚ್ಚಿದೆಯಾ. ಆಣಿಗೆ ಅಂಗಡಿಯ ಪಟ್ಟಿ ಅಂಟಿಸುವುದು, ಬ್ಲೇಡಿನಲ್ಲಿ ಕೆರೆಯುವುದು ಬೇಡವೇ ಬೇಡ. ಒಡೆದ ಹಿಮ್ಮಡಿಗೆ ಎಣ್ಣೆಯೋ ಮುಲಾಮೋ ಹಚ್ಚಿ, ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ಹೊಸದಾಗಿ ಏನೇ ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ. ನೋಯುತ್ತಾ ಅಂತ ಕೇಳಬೇಡಿ. ನೋಯುವುದಿಲ್ಲ ಅಂತಲೇ ಹೇಳುತ್ತಾರೆ.

ಇದರಲ್ಲಿ ಕಷ್ಟ ಇರುವುದು ಪಾದ ನೋಡುವ ಕೆಲಸದಲ್ಲಿ ಅಲ್ಲ, ಸಂಕೋಚದಲ್ಲಿ. ನಮ್ಮಲ್ಲಿ ಸೊಸೆ ಮಾವನ ಪಾದ ಮುಟ್ಟುವುದು ಹಬ್ಬದ ದಿನ ನಮಸ್ಕಾರ ಮಾಡುವಾಗ. ದಿನಾ ಆಕೆಯ ಕೈಗೆ ಕಾಲು ಕೊಟ್ಟು ಕೂರುವುದು ಅವರ ಮನಸ್ಸಿಗೆ ಒಗ್ಗುವುದಿಲ್ಲ. ಬಲವಂತ ಮಾಡಬೇಡಮ್ಮಾ. ಮಗ ಆಫೀಸಿಗೆ ಹೋಗುವ ಮುಂಚೆ ನೋಡಲಿ, ಇಲ್ಲವೇ ಮೊಮ್ಮಕ್ಕಳಿಗೆ ಆ ಕೆಲಸ ಕೊಡಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಐದನೇ ಕ್ಲಾಸಿನ ಹುಡುಗಿ ತಾತನ ಪಾದಕ್ಕೆ ಟಾರ್ಚು ಹಿಡಿದು ನೋಡಿ ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಾಳೆ. ತಾತ ಮಗನಿಗೆ ಕೊಡದ ಕಾಲನ್ನು ಅವಳಿಗೆ ಕೊಡುತ್ತಾರೆ.

ದೆಹಲಿಯ ಹವೆಯೂ ನಮ್ಮ ಊರಿನ ಹಾಗಲ್ಲ ಅನ್ನುವುದು ನೆನಪಿರಲಿ. ಡಿಸೆಂಬರ್, ಜನವರಿಯಲ್ಲಿ ಚಳಿ 4-5 ಡಿಗ್ರಿಗೆ ಇಳಿದಾಗ ನಮ್ಮ ವಯಸ್ಸಾದವರು ಹೀಟರ್ ಮುಂದೆ ಕಾಲು ಚಾಚಿ ಕೂರುತ್ತಾರೆ, ರಾತ್ರಿ ಬಿಸಿನೀರಿನ ಚೀಲ ಪಾದದ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ. ಸ್ಪರ್ಶ ಇಲ್ಲದ ಪಾದ ಬೇಯುತ್ತಿದ್ದರೂ ಅವರಿಗೆ ಎಚ್ಚರ ಆಗುವುದಿಲ್ಲ. ಹೀಟರ್ ಕೋಣೆಯನ್ನು ಬೆಚ್ಚಗೆ ಮಾಡಲಿ, ಕಾಲಿನಿಂದ ದೂರ ಇರಲಿ. ಪಾದಕ್ಕೆ ಉಣ್ಣೆ ಸಾಕ್ಸ್ ಸಾಕು. ಗೀಸರಿನ ನೀರನ್ನು ಬೇರೆಯವರು ಮೊಣಕೈ ಅದ್ದಿ ನೋಡಿ ಕೊಡಿ. ಇನ್ನು ಮೇ, ಜೂನಿನಲ್ಲಿ ದೇವಸ್ಥಾನದ ಅಂಗಳ. ರಾಮಕೃಷ್ಣಪುರಂನ ಮಲೈ ಮಂದಿರಕ್ಕೆ ಹೋಗುವುದು ನಮ್ಮ ಎಷ್ಟೋ ಜನರ ರೂಢಿ. 45 ಡಿಗ್ರಿ ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ. ಬೆಳಗಿನ ಜಾವ ಹೋಗಲಿ, ದಪ್ಪ ಹತ್ತಿ ಸಾಕ್ಸ್ ಹಾಕಿಕೊಂಡೇ ಹೋಗಲಿ. ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಅನ್ನುವ ಮಡಿಯನ್ನೂ ಇವರ ಮಟ್ಟಿಗೆ ಬಿಡಬೇಕು. ಒಳಗಿಗೇ ಒಂದು ಜೊತೆ ಮೆತ್ತನೆ ಚಪ್ಪಲಿ ತನ್ನಿ, ಹಿಂದೆ ಪಟ್ಟಿ ಇರುವಂಥದ್ದು. ಹೊರಗಿನ ಶೂಗಳನ್ನು ಹಾಕುವ ಮುಂಚೆ ಬೋರಲು ಮಾಡಿ ಒಮ್ಮೆ ಕೊಡವಿ. ದೇವರು ಇದಕ್ಕೆಲ್ಲ ಮುನಿಯುವವನಲ್ಲ.

ನಿಮ್ಮಲ್ಲಿ ಕೆಲವರು ಇನ್ನೂ ಆಸ್ಪತ್ರೆಯ ವೆರಾಂಡದಲ್ಲೇ ಇರುತ್ತೀರಿ, ಆಪರೇಷನ್ನಿಗೆ ಸಹಿ ಹಾಕಬೇಕಾ ಬೇಡವಾ ಅಂತ. ಅಂಥವರಿಗೆ ನನ್ನ ಮಾತು: ತಡ ಮಾಡಬೇಡಿ, ಆದರೆ ಕೇಳದೆಯೂ ಸಹಿ ಹಾಕಬೇಡಿ. ಕಾಲಿನ ರಕ್ತನಾಳದಲ್ಲಿ ರಕ್ತ ಎಲ್ಲಿಯವರೆಗೆ ಹರಿಯುತ್ತಿದೆ, ಅದನ್ನು ನೋಡುವ ಡಾಪ್ಲರ್ ಪರೀಕ್ಷೆ ಆಗಿದೆಯಾ, ಕಟ್ಟಿರುವ ನಾಳವನ್ನು ಬಲೂನು ಹಾಕಿಯೋ ಬೈಪಾಸ್ ಮಾಡಿಯೋ ತೆರೆಯಬಹುದಾ ಅಂತ ರಕ್ತನಾಳದ ಸರ್ಜನ್ನರನ್ನೇ ಕೇಳಿ. ರಕ್ತ ಬಂದರೆ ಕಾಲೇ ಉಳಿಯಬಹುದು, ಇಲ್ಲದಿದ್ದರೂ ಇನ್ನೂ ಕೆಳಗಡೆ ಕತ್ತರಿಸಿದರೆ ಸಾಕಾಗಬಹುದು. ಎಲ್ಲಿ ಕತ್ತರಿಸುತ್ತಾರೆ ಅನ್ನುವುದು ಬಹಳ ಮುಖ್ಯ. ಮೊಣಕಾಲು ಉಳಿದವರಿಗೆ ಕೃತಕ ಕಾಲಿನಲ್ಲಿ ನಡೆಯುವುದು ಎಷ್ಟೋ ಸುಲಭ. ತೊಡೆಯಲ್ಲಿ ಕತ್ತರಿಸಿದರೆ ಅದೇ ನಡಿಗೆಗೆ ದೇಹ ಬಹಳ ಹೆಚ್ಚು ದುಡಿಯಬೇಕು, ವಯಸ್ಸಾದ ಹೃದಯಕ್ಕೆ ಅದು ತಡೆಯದೆಯೂ ಇರಬಹುದು. ಆದರೆ ಕೀವು ರಕ್ತಕ್ಕೆ ಸೇರಿ ಜ್ವರ ಏರುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಬಿಪಿ ಇಳಿಯುತ್ತಿದ್ದರೆ, ಆಗ ಇನ್ನೊಂದು ಅಭಿಪ್ರಾಯ, ಮತ್ತೊಂದು ಅಭಿಪ್ರಾಯ ಅಂತ ಓಡಾಡುವ ಸಮಯ ಅಲ್ಲ. ಜೀವ ಉಳಿಸಿಕೊಳ್ಳಿ. ಸಹಿ ಹಾಕಿದ ಮಗ ಅಪ್ಪನ ಕಾಲು ಕತ್ತರಿಸಿದವನಲ್ಲ ಅಂತ ನಾನು ಎಷ್ಟು ಹುಡುಗರಿಗೆ ಹೇಳಿದ್ದೇನೋ. ಅದನ್ನು ಬೇರೆಯವರಿಂದ ಕೇಳುವ ಅಗತ್ಯ ಅವರಿಗೆ ಇರುತ್ತದೆ.

ಪ್ರಜ್ಞೆ ಇದ್ದರೆ ಅವರಿಗೇ ಹೇಳಿ, ಅವರನ್ನೇ ಕೇಳಿ. ಒಂದು ಬೆರಳು ಮಾತ್ರ ತೆಗೆಯುತ್ತಾರೆ ಅಂತ ಸುಳ್ಳು ಹೇಳಿ ಒಳಗೆ ಕಳಿಸುವ ಮನೆಗಳಿವೆ. ಎಚ್ಚರವಾದಾಗ ಹೊದಿಕೆಯ ಕೆಳಗೆ ಕೈ ಆಡಿಸಿ ಇಲ್ಲದ್ದನ್ನು ತಾವೇ ಕಂಡುಕೊಂಡವರು ಆಮೇಲೆ ಯಾರ ಮಾತನ್ನೂ ನಂಬುವುದಿಲ್ಲ, ಗಾಯ ಒಣಗುತ್ತಿದೆ ಅಂತ ನೀವು ನಿಜ ಹೇಳಿದರೂ. ಕತ್ತರಿಸಿದ ಭಾಗವನ್ನು ಏನು ಮಾಡಬೇಕು ಅಂತಲೂ ಆಸ್ಪತ್ರೆಯವರು ಕೇಳುತ್ತಾರೆ, ಯಾರೂ ಅದಕ್ಕೆ ತಯಾರಾಗಿರುವುದಿಲ್ಲ. ಬಿಟ್ಟರೆ ಆಸ್ಪತ್ರೆಯ ನಿಯಮದಂತೆ ಹಳದಿ ಚೀಲದಲ್ಲಿ ಹೋಗಿ ಸುಡಲ್ಪಡುತ್ತದೆ. ಕೆಲವರು ಬೇಡಿ ತಂದು ಸಂಸ್ಕಾರ ಮಾಡುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಅದು ಅವರ ದೇಹ, ಆಪರೇಷನ್ನಿಗೆ ಮುಂಚೆಯೇ ಅವರ ಇಚ್ಛೆ ಕೇಳಿಟ್ಟುಕೊಳ್ಳಿ. ನಮ್ಮನೆಯವರು ಕ್ಷಣ ಯೋಚಿಸಿ, ಬಿಟ್ಟುಬಿಡಿ ಅಂದರು. ಆ ಮಾತನ್ನು ಅವರೇ ಹೇಳಿದ್ದರಿಂದ ನಮಗೆ ಯಾರಿಗೂ ಆಮೇಲೆ ಅದರ ಹೊರೆ ಉಳಿಯಲಿಲ್ಲ.

ಮನೆಗೆ ಬಂದ ಮೇಲೆ ಒಂದು ದಿನ ಅವರು ಹೆಬ್ಬೆರಳು ತುರಿಸುತ್ತಿದೆ ಅನ್ನುತ್ತಾರೆ, ಇಲ್ಲದ ಕಾಲಿನ ಹೆಬ್ಬೆರಳು. ಹೆದರಬೇಡಿ, ತಲೆ ಕೆಟ್ಟಿತು ಅಂತ ಪಿಸುಗುಟ್ಟಬೇಡಿ, ದೃಷ್ಟಿ ತೆಗೆಯಬೇಡಿ. ಅಮೆರಿಕದ ವೈದ್ಯ ವಿಯರ್ ಮಿಚೆಲ್ 1871ರಲ್ಲೇ ಇದಕ್ಕೆ ಹೆಸರಿಟ್ಟು ಬರೆದಿದ್ದಾರೆ. ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿಗೆ ಮೀಸಲಾದ ಜಾಗ ಹಾಗೇ ಇರುತ್ತದೆ, ಅದು ಸುಮ್ಮನಿರುವುದಿಲ್ಲ. ತುರಿಕೆ, ಉರಿ, ಬೆರಳು ತಿರುಚಿದ ಹಾಗೆ ಸೆಳೆತ, ಕೆಲವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲದಷ್ಟು. ಅದು ನಿಜವಾದ ನೋವು. ಅದಕ್ಕೆ ಮಾತ್ರೆ ಇದೆ, ಡಾಕ್ಟರನ್ನು ಕೇಳಿ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಕನ್ನಡಿಯ ಉಪಾಯ ತೋರಿಸಿದರು. ಎರಡು ಕಾಲಿನ ನಡುವೆ ಉದ್ದದ ಕನ್ನಡಿ ನಿಲ್ಲಿಸಿ, ಇರುವ ಕಾಲನ್ನು ಅದರಲ್ಲಿ ನೋಡುತ್ತಾ ಮೆಲ್ಲಗೆ ಆಡಿಸುವುದು. ಇಲ್ಲದ ಕಾಲು ಆಡಿದ ಹಾಗೆ ಕಾಣುತ್ತದೆ, ಸೆಳೆತ ಸಡಿಲವಾಗುತ್ತದೆ. ಎಲ್ಲರಿಗೂ ಫಲ ಕೊಡುವುದಿಲ್ಲ, ಆದರೆ ಖರ್ಚಿಲ್ಲ, ಫಿಸಿಯೋಥೆರಪಿಯವರನ್ನು ಕೇಳಿ ಕಲಿಯಿರಿ. ನಮ್ಮನೆಯಲ್ಲಿ ಅದು ಕೆಲಸ ಮಾಡಿತು.

ಫಿಸಿಯೋ ಅಂದೆ, ಅದು ಮೊದಲ ವಾರದಿಂದಲೇ ಬೇಕು. ಪ್ರೀತಿಯಿಂದ ಮೊಣಕಾಲಿನ ಕೆಳಗೆ ದಿಂಬು ಇಡುತ್ತೀರಿ, ಇಡಬೇಡಿ. ಮಡಿಚಿದ ಮೊಣಕಾಲು ಹಾಗೇ ಬಿಗಿದು ನಿಂತರೆ ನಾಳೆ ಕೃತಕ ಕಾಲು ಕೂರುವುದಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಬೋರಲು ಮಲಗಿಸಿ. ಗಾಯ ಒಣಗಿದ ಮೇಲೆ ಸ್ಟಂಪಿಗೆ, ಅಂದರೆ ಕತ್ತರಿಸಿ ಉಳಿದ ಕಾಲಿನ ತುಂಡಿಗೆ, ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿ, ಮೇಲೆ ಹೋದ ಹಾಗೆ ಸಡಿಲ ಬರುವಂತೆ ಸುತ್ತಬೇಕು. ಇದು ಕೈಯಲ್ಲಿ ಕಲಿಯುವ ಕೆಲಸ, ಓದಿ ಬರುವುದಲ್ಲ. ವೀಲ್‌ಚೇರ್ ಕೊಳ್ಳುವ ಮುಂಚೆ ಟೇಪು ಹಿಡಿದು ಬಾತ್‌ರೂಮಿನ ಬಾಗಿಲು ಅಳೆಯಿರಿ. ನಮ್ಮ ಫ್ಲಾಟುಗಳಲ್ಲಿ ಆ ಬಾಗಿಲೇ ಎಲ್ಲಕ್ಕಿಂತ ಕಿರಿದು, ಕುರ್ಚಿ ಹಾಲಿನಲ್ಲಿ ಆರಾಮವಾಗಿ ತಿರುಗಿ ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಕಮೋಡಿನ ಪಕ್ಕದ ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಿ, ಹೊಸಿಲಿನ ದಿಬ್ಬ ಒಡೆಸಿ ಸಮ ಮಾಡಿಸಿ. ಸೊಸೈಟಿಯ ಕಮಿಟಿಗೆ ಗೇಟಿನ ಹತ್ತಿರದ ಮೆಟ್ಟಿಲಿಗೆ ಇಳಿಜಾರು ಹಾಕಿಸಿಕೊಡಿ ಅಂತ ಬರೆದು ಕೊಡಿ, ಬಾಯಲ್ಲಿ ಕೇಳಿ ಬಿಡಬೇಡಿ.

ಇಷ್ಟೆಲ್ಲ ಮಾಡುವ ಮಕ್ಕಳು ಒಂದು ವಿಷಯದಲ್ಲಿ ಎಡವುತ್ತೀರಿ. ಕಾಲು ಹೋದ ಅಪ್ಪನ ಕೈಯಿಂದ ಚೆಕ್‌ಬುಕ್ಕನ್ನೂ ತೆಗೆದುಕೊಳ್ಳುತ್ತೀರಿ. ಪೆನ್ಷನ್ ಫೈಲು, ಕರೆಂಟ್ ಬಿಲ್ಲು, ಮೇಂಟೆನೆನ್ಸು, ಊರಿನ ಜಮೀನಿನ ಮಾತು, ಎಲ್ಲ ನಾವು ನೋಡಿಕೊಳ್ಳುತ್ತೇವೆ ನೀವು ಆರಾಮಾಗಿರಿ ಅನ್ನುತ್ತೀರಿ. ಅವರು ಆರಾಮಾಗಿರುವುದಿಲ್ಲ, ಇಲ್ಲವಾಗುತ್ತಾ ಹೋಗುತ್ತಾರೆ. ಲೆಕ್ಕ ಬರೆಯುವುದಕ್ಕೆ ಕಾಲು ಬೇಡ. ತರಕಾರಿ ಹೆಚ್ಚುವುದಕ್ಕೆ, ಮೊಮ್ಮಗನಿಗೆ ಕನ್ನಡ ಓದಿಸುವುದಕ್ಕೆ, ಗ್ಯಾಸಿನವನಿಗೆ ಫೋನ್ ಮಾಡುವುದಕ್ಕೆ ಬೇಡ. ಕಾಲು ಹೋದವರು ಅಮ್ಮ ಆಗಿದ್ದರೆ ಅಡುಗೆಮನೆಗೆ ಎತ್ತರದ ಸ್ಟೂಲು ತಂದುಕೊಡಿ, ಒಗ್ಗರಣೆ ಅವಳೇ ಹಾಕಲಿ. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಅವರೇ ಮಾಡಬಲ್ಲರಾದರೆ ಅವರಿಗೇ ಬಿಡಿ, ನೀವು ಪಕ್ಕದಲ್ಲಿರಿ. ಬಿದ್ದಾರು ಅಂತ ಮಂಚಕ್ಕೆ ಕಟ್ಟಿಹಾಕಿದ ಹಾಗೆ ಕೂರಿಸಿದವರು ನಡೆಯುವುದನ್ನು ಮತ್ತೆ ಕಲಿಯುವುದಿಲ್ಲ.

ನೋಡಲು ಬರುವವರ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಕರ್ಮ ಅನ್ನುವವರನ್ನು, ಅಯ್ಯೋ ಅಂತ ಬಾಯಿಗೆ ಸೆರಗು ಹಿಡಿಯುವವರನ್ನು ಹಾಲಿನಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಿ. ಸಕ್ಕರೆಗೆ ರಾಗಿ ಒಳ್ಳೆಯದು, ಬೆಲ್ಲ ಏನೂ ಮಾಡುವುದಿಲ್ಲ ಅಂತ ಹೇಳುವವರಿಗೆ ತಲೆ ಆಡಿಸಿ ಸುಮ್ಮನಿರಿ. ರಾಗಿಯಲ್ಲಿರುವುದೂ ಬಹುಪಾಲು ಪಿಷ್ಟವೇ, ಅಳತೆ ಅದಕ್ಕೂ ಬೇಕು, ಬೆಲ್ಲವಂತೂ ಸಕ್ಕರೆಯೇ. ಆದರೆ ಬಂದು ರಾಜಕೀಯ ಮಾತಾಡಿ, ಜಗಳ ಆಡಿ, ಒಂದು ಆಟ ಇಸ್ಪೀಟು ಆಡಿ ಹೋಗುವ ಹಳೆಯ ಗೆಳೆಯರಿದ್ದರೆ ಅವರನ್ನು ಕರೆಕರೆದು ತನ್ನಿ.

ಮೌನವಾಗಿಬಿಡುವವರಿದ್ದಾರೆ. ಊಟ ಬೇಡ, ಟಿವಿ ಬೇಡ, ಗಡ್ಡ ತೆಗೆದುಕೊಳ್ಳುವುದಿಲ್ಲ, ನಾನು ನಿಮಗೆ ಭಾರ ಅನ್ನುತ್ತಾರೆ. ಅದನ್ನು ಬೇಸರ ಅಂತ ತಳ್ಳಿಹಾಕಬೇಡಿ, ಅದಕ್ಕೂ ವೈದ್ಯರಿದ್ದಾರೆ. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸೇವೆಯ ನಂಬರು 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು. ದ್ವಾರಕಾದಲ್ಲಿ ಕೂತು ಹಿಂದಿ ಡಾಕ್ಟರ ಮುಂದೆ ಎದೆಯ ಮಾತು ಹೊರಡದವರಿಗೆ ಇದು ದೊಡ್ಡ ಉಪಕಾರ. ಇದೇ ನಂಬರನ್ನು ಅವರನ್ನು ನೋಡಿಕೊಳ್ಳುವವರಿಗೂ ಕೊಡಿ. ಹೆಂಡತಿಯೇ ಹೆಚ್ಚಾಗಿ ನೋಡಿಕೊಳ್ಳುವುದು, ಅವಳಿಗೂ ಅರವತ್ತೈದೋ ಎಪ್ಪತ್ತೋ, ಅವಳಿಗೂ ಬಿಪಿ, ಮಂಡಿನೋವು. ಅವರನ್ನು ಎತ್ತಿ ಎತ್ತಿ ಅವಳ ಸೊಂಟ ಹೋಗುತ್ತದೆ. ಅಮ್ಮ ಗಟ್ಟಿ ಅನ್ನಬೇಡಿ. ವಾರಕ್ಕೊಂದು ದಿನ ಅವಳನ್ನು ಮನೆಯಿಂದ ಹೊರಗೆ ಕಳಿಸಿ, ಕನ್ನಡ ಸಂಘದ ಕಾರ್ಯಕ್ರಮಕ್ಕೋ, ಸೆಕ್ಟರ್ 12ರ ಮಾರ್ಕೆಟ್ಟಿಗೋ, ಎಲ್ಲಿಗಾದರೂ. ಆ ದಿನ ನೀವು ಮನೆಯಲ್ಲಿರಿ. ಬೆಂಗಳೂರಿನಲ್ಲಿರುವ ಮಗ ದಿನಾ ವಿಡಿಯೋ ಕಾಲ್ ಮಾಡಿ ಸಲಹೆ ಕೊಡುವುದಕ್ಕಿಂತ ರಾತ್ರಿ ಪಾಳಿಗೆ ಒಬ್ಬ ಅಟೆಂಡೆಂಟಿನ ಸಂಬಳ ಕೊಡಲಿ, ರಜೆ ಹಾಕಿ ಬಂದು ಹದಿನೈದು ದಿನ ಡ್ರೆಸ್ಸಿಂಗ್ ಮಾಡಲಿ.

ಕೃತಕ ಕಾಲಿನ ಬಗ್ಗೆ ಎಲ್ಲರೂ ಬೇಗ ಆಸೆ ಪಡುತ್ತೀರಿ, ಇಲ್ಲವೇ ಪೂರ್ತಿ ಆಸೆ ಬಿಡುತ್ತೀರಿ. ಗಾಯ ಪೂರ್ತಿ ಒಣಗಿ, ಊತ ಇಳಿದು, ಸ್ಟಂಪು ಒಂದು ಆಕಾರಕ್ಕೆ ಬರುವುದಕ್ಕೆ ತಿಂಗಳುಗಳು ಬೇಕು. ಆಮೇಲೂ ಅದು ಸೊರಗುತ್ತದೆ, ಸಾಕೆಟ್ಟು ಸಡಿಲವಾಗಿ ಬದಲಾಯಿಸಬೇಕಾಗುತ್ತದೆ, ಅದು ಸೋಲಲ್ಲ, ಕ್ರಮವೇ ಹಾಗೆ. ನಮ್ಮ ಬ್ಲೂ ಲೈನ್ ಮೆಟ್ರೋದಲ್ಲಿ ಲಿಫ್ಟು ಹಿಡಿದು ಮಂಡಿ ಹೌಸಿನವರೆಗೆ ಹೋದರೆ, ಅಲ್ಲಿಂದ ಹತ್ತಿರ ವಿಷ್ಣು ದಿಗಂಬರ ಮಾರ್ಗದಲ್ಲಿ ಕೇಂದ್ರ ಸರ್ಕಾರದ ಪಂಡಿತ್ ದೀನದಯಾಳ್ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆ ಇದೆ, ಕೃತಕ ಅಂಗಗಳನ್ನು ಮಾಡುವುದು, ಆ ವಿದ್ಯೆಯನ್ನು ಕಲಿಸುವುದು ಎರಡೂ ಅಲ್ಲಿ ನಡೆಯುತ್ತದೆ. ಸಫ್ದರ್‌ಜಂಗ್ ಆಸ್ಪತ್ರೆಯಲ್ಲೂ ಪುನರ್ವಸತಿ ವಿಭಾಗ ಇದೆ. ಜೈಪುರವೂ ರೈಲಿನಲ್ಲಿ ಒಂದೇ ದಿನದ ದಾರಿ. 1968ರಲ್ಲಿ ಡಾ. ಪಿ. ಕೆ. ಸೇಠಿ ಮತ್ತು ಹೆಚ್ಚು ಶಾಲೆ ಕಾಣದ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಅಲ್ಲಿ ಮಾಡಿದ ರಬ್ಬರಿನ ಪಾದದಲ್ಲಿ ನೆಲದ ಮೇಲೆ ಕೂರಬಹುದು, ಗದ್ದೆಯ ಬದುವಿನ ಮೇಲೆ ನಡೆಯಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 1975ರಲ್ಲಿ ಡಿ. ಆರ್. ಮೆಹ್ತಾ ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಕಾಲನ್ನು ಉಚಿತವಾಗಿ ಕೊಡುತ್ತದೆ. ಊರಿಗೆ ಮರಳುವವರಿಗೆ ಬೆಂಗಳೂರಿನಲ್ಲಿ 1994ರಿಂದ ಮೊಬಿಲಿಟಿ ಇಂಡಿಯಾ ಇದೆ. ಒಂದು ಎಚ್ಚರ: ಸಕ್ಕರೆ ಇರುವವರ ಸ್ಟಂಪಿನ ಚರ್ಮಕ್ಕೂ ಸ್ಪರ್ಶ ಕಡಿಮೆ. ಕೃತಕ ಕಾಲು ಬಿಚ್ಚಿದಾಗಲೆಲ್ಲ ಅಲ್ಲೂ ಕೆಂಪು ಕಂಡಿದೆಯಾ ನೋಡಬೇಕು.

ಕಾಗದಪತ್ರವನ್ನೂ ಮರೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 40%ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇದ್ದವರಿಗೆ ಹಲವು ಸೌಲಭ್ಯಗಳಿವೆ. ಸ್ವಾವಲಂಬನ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯ ಬೋರ್ಡಿನ ಮುಂದೆ ಹಾಜರಾಗಿ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು ಮಾಡಿಸಿ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಮಕ್ಕಳಿಗೆ ಇವರನ್ನು ಸಾಕುವ ಲೆಕ್ಕದಲ್ಲಿ 75,000 ರೂಪಾಯಿ, ವೈಕಲ್ಯ 80% ಅಥವಾ ಮೇಲಿದ್ದರೆ 1,25,000 ರೂಪಾಯಿ ಆದಾಯದಲ್ಲಿ ಕಡಿತ ಸಿಗುತ್ತದೆ. ಜೊತೆಗಾರರಿಲ್ಲದೆ ಓಡಾಡಲಾಗದವರಿಗೆ ರೈಲಿನಲ್ಲಿ ಅವರಿಗೂ ಜೊತೆಯವರಿಗೂ ರಿಯಾಯಿತಿ ಇದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಒಮ್ಮೆ ಊರಿಗೆ ಕರೆದುಕೊಂಡು ಹೋಗಿ. ಜನ ಏನಂದಾರು ಅಂತ ಜಾತ್ರೆ, ಮದುವೆ ಎಲ್ಲ ಬಿಟ್ಟು ಕೂತವರನ್ನು ನಾನು ಕಂಡಿದ್ದೇನೆ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ? ನೂರಾರು ಸಿನಿಮಾಗಳಲ್ಲಿ ಮಾಡಿದ ನಮ್ಮ ಹುಬ್ಬಳ್ಳಿಯ ನಟ ಸತ್ಯಜಿತ್ ಗ್ಯಾಂಗ್ರೀನ್‌ನಿಂದ ಕಾಲು ಕಳೆದುಕೊಂಡು ಬಾಳಿ 2021ರಲ್ಲಿ ತೀರಿಕೊಂಡರು. ತಮಿಳು ನಟ ವಿಜಯಕಾಂತ್‌ಗೆ 2022ರಲ್ಲಿ ಇದೇ ಸಕ್ಕರೆಯಿಂದ ಪಾದದ ಬೆರಳುಗಳನ್ನು ತೆಗೆದರು. ಹೆಸರು ಮಾಡಿದವರನ್ನೂ ಬಿಡದ ಕಾಯಿಲೆ ಇದು.

ಇನ್ನೊಂದು ಮಾತು ಹೇಳದೆ ಬಿಡಲಾರೆ, ಕಷ್ಟದ ಮಾತು. ಕಾಲಿನ ರಕ್ತನಾಳ ಕಟ್ಟಿದವರಿಗೆ ಹೃದಯದ, ಮಿದುಳಿನ ರಕ್ತನಾಳಗಳೂ ಚೆನ್ನಾಗಿರುವುದು ಅಪರೂಪ. ಕಾಲು ತೆಗೆದ ಮೇಲಿನ ವರ್ಷಗಳಲ್ಲಿ ಜೀವ ಹೋಗುವುದು ಹೆಚ್ಚಾಗಿ ಹೃದಯದಿಂದ. ಗಾಯ ಒಣಗಿತು ಅಂತ ಸುಮ್ಮನಾಗಬೇಡಿ. ಹೃದಯದ ಡಾಕ್ಟರಿಗೆ ತೋರಿಸಿ, ಕಿಡ್ನಿಯ ಪರೀಕ್ಷೆ ಮಾಡಿಸಿ, ಕೊಲೆಸ್ಟರಾಲಿನ ಮಾತ್ರೆ ತಪ್ಪಿಸಬೇಡಿ. ವರ್ಷಕ್ಕೊಮ್ಮೆಯಾದರೂ ಉಳಿದ ಪಾದಕ್ಕೆ ನೈಲಾನ್ ಎಳೆ ಮುಟ್ಟಿಸಿ, ಟ್ಯೂನಿಂಗ್ ಫೋರ್ಕ್ ಇಟ್ಟು, ನಾಡಿ ಹಿಡಿದು ನೋಡುವ ಪರೀಕ್ಷೆ ಆಗಲೇಬೇಕು. ಕಾಲು ಹೋದವರಿಗೆ ವರ್ಷಕ್ಕೊಮ್ಮೆಯೂ ಸಾಲದು, ಡಾಕ್ಟರು ಹೇಳಿದ ಹಾಗೆ ತಿಂಗಳಿಗೋ ಎರಡು ತಿಂಗಳಿಗೋ ಹೋಗಿ.

ಕಡೆಗೆ ನಿಮ್ಮ ಕಾಲಿನ ವಿಚಾರ. ಅಪ್ಪನಿಗೆ ಅಮ್ಮನಿಗೆ ಇದ್ದರೆ ನಿಮಗೆ ಬರುವ ಸಂಭವ ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸಿಲಲ್ಲಿದ್ದಾರೆ. ಗುರುಗ್ರಾಮದ ಆಫೀಸಿನಲ್ಲಿ ಹತ್ತು ಗಂಟೆ ಕೂತು, ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡಿ ತಿನ್ನುವ ನಿಮಗೆ ಮೂವತ್ತಕ್ಕೇ ಶುರುವಾಗಿರಬಹುದು, ತಿಳಿಯದೆ. ಅಪ್ಪನ ರಕ್ತ ತೆಗೆಯಲು ಲ್ಯಾಬಿನ ಹುಡುಗ ಮನೆಗೆ ಬರುತ್ತಾನಲ್ಲ, ಮುಂದಿನ ಸಲ ಅವನು ಬಂದಾಗ ನೀವೂ ಕಾಫಿ ಕುಡಿಯದೆ ಕಾದಿದ್ದು ತೋಳು ಕೊಡಿ, ಎಚ್‌ಬಿಎ1ಸಿ ಅನ್ನುವ ಸಕ್ಕರೆಯ ಪರೀಕ್ಷೆಯನ್ನೂ ಮಾಡಲು ಹೇಳಿ. ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಹೇಳಿ. ಬ್ಯಾಂಡೇಜು ಸುತ್ತುವುದನ್ನು ಕಲಿಯಬೇಕು ಅಂದವರು ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ, ನಮ್ಮನೆಯವರು ತಾವೇ ಸುತ್ತಿ ತೋರಿಸುತ್ತಾರೆ, ನನಗಿಂತ ಅವರ ಕೈ ಚೆನ್ನಾಗಿದೆ. ಬರುವಾಗ ನಿಮ್ಮ ರಿಪೋರ್ಟೂ ತನ್ನಿ.